ತೊಂಬತ್ತು ದಿನ ಕಾಯಲಾಗದವರನ್ನು ಹುಡುಕಿ

ಹದಿನೈದು, ಇಪ್ಪತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು ಈಗ ಮನೆಯಲ್ಲಿರುವವರೇ ಈ ಸಭೆಯಲ್ಲಿ ಹೆಚ್ಚು. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ದಿನಾ ಅರ್ಜಿ ಹಾಕುತ್ತಿದ್ದೀರಿ, ಉತ್ತರ ಬರುತ್ತಿಲ್ಲ. ಕಾಯಂ ಕೆಲಸದ ಮಾತು ಇವತ್ತು ಬದಿಗಿರಲಿ. ಮೂರು, ಆರು, ಹನ್ನೆರಡು ತಿಂಗಳ ಗುತ್ತಿಗೆ ಕೆಲಸ ಎಲ್ಲಿ ಹುಟ್ಟುತ್ತದೆ, ಅದನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ದುಡ್ಡು ಕೈಗೆ ಬರುವವರೆಗೆ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ, ಇಷ್ಟನ್ನೇ ನೋಡೋಣ.

ಕಾಯಂ ಹುದ್ದೆಗೆ ಜನ ತೆಗೆದುಕೊಳ್ಳುವ ಮ್ಯಾನೇಜರ್ ದೂರದ ಲೆಕ್ಕ ಹಾಕುತ್ತಾನೆ. ಇವರು ಎಷ್ಟು ವರ್ಷ ಉಳಿಯುತ್ತಾರೆ, ತಂಡಕ್ಕೆ ಹೊಂದುತ್ತಾರಾ, ನಾಳೆ ನನ್ನ ಕುರ್ಚಿಗೇ ಬಂದರೆ? ಆರು ತಿಂಗಳಿನಿಂದ ಕೆಲಸವಿಲ್ಲ ಎಂದರೆ ಅವನಿಗೆ ಅನುಮಾನ. ಗುತ್ತಿಗೆಗೆ ಜನ ಬೇಕಾದವನ ಕಷ್ಟವೇ ಬೇರೆ. ಕೆಲಸಕ್ಕೆ ತಾರೀಕು ಗೊತ್ತಾಗಿದೆ, ಬಜೆಟ್ ಮಂಜೂರಾಗಿದೆ, ಮಾಡುವವರಿಲ್ಲ. ನಮ್ಮ ಐಟಿ ಕಂಪನಿಗಳಲ್ಲಿ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಮಾಮೂಲು. ಇವತ್ತು ಆಫರ್ ಕೊಟ್ಟರೂ ಆ ಕಡೆಯ ಮನುಷ್ಯ ಬರುವುದು ಮೂರು ತಿಂಗಳ ಮೇಲೆ, ಅದೂ ನಡುವೆ ಇನ್ನೊಂದು ಆಫರ್ ಸಿಗದಿದ್ದರೆ. ನೀವು ಸೋಮವಾರವೇ ಬರಬಲ್ಲಿರಿ. ಕಾಯಂ ಮಾರುಕಟ್ಟೆಯಲ್ಲಿ ನೀವು ಮುಚ್ಚಿಡಲು ನೋಡುವ ಸಂಗತಿಗೇ ಇಲ್ಲಿ ಬೆಲೆ. ಹಾಗಾಗಿ ನೌಕ್ರಿ ಪ್ರೊಫೈಲಿನಲ್ಲಿ ನೋಟಿಸ್ ಪೀರಿಯಡ್ ‘15 ದಿನ ಅಥವಾ ಕಡಿಮೆ’ ಎಂದೇ ಇರಬೇಕು. ಹಳೆಯ ‘3 ತಿಂಗಳು’ ಹಾಗೇ ಉಳಿದಿದ್ದರೆ ರಿಕ್ರೂಟರ್ ಹಾಕುವ ಫಿಲ್ಟರ್‌ನಲ್ಲಿ ನಿಮ್ಮ ಹೆಸರೇ ಬರುವುದಿಲ್ಲ. ಎಷ್ಟೋ ಜನ ಇದೊಂದನ್ನು ಬದಲಿಸದೆ ತಿಂಗಳುಗಟ್ಟಲೆ ಕಾಯುತ್ತಾರೆ.

ಇಂಥ ತುರ್ತು ಎಲ್ಲಿ ಹುಟ್ಟುತ್ತದೆ? ಜಾಬ್ ಪೋರ್ಟಲ್‌ಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲೇ ಅದು ಕ್ಯಾಲೆಂಡರಿನಲ್ಲಿ ಕಾಣುತ್ತದೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ತಮ್ಮ ಹಳೆಯ ಆವೃತ್ತಿಗೆ ಬೆಂಬಲ ನಿಲ್ಲಿಸುವ ದಿನವನ್ನು ಸಾಮಾನ್ಯವಾಗಿ ವರ್ಷಗಳ ಮುಂಚೆಯೇ ಪ್ರಕಟಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ ಮೈಕ್ರೋಸಾಫ್ಟ್ ಗೊತ್ತುಮಾಡಿರುವ ಕೊನೆಯ ದಿನ 2026ರ ಜುಲೈ 14. ಡಾಟ್‌ನೆಟ್ 8ಕ್ಕೆ 2026ರ ನವೆಂಬರ್ 10. ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12. ಎಸ್‌ಎಪಿ ಕಂಪನಿಯ ಹಳೆಯ ವ್ಯವಹಾರ ತಂತ್ರಾಂಶ ಇಸಿಸಿ 6 ಇನ್ನೂ ಓಡಿಸುತ್ತಿರುವವರಿಗೆ ಮುಖ್ಯ ಬೆಂಬಲ ಹೆಚ್ಚೆಂದರೆ 2027ರ ಕೊನೆಯವರೆಗೆ ಮಾತ್ರ. ಅದರ ಬದಲು ಬಂದ ಎಸ್/4ಹಾನಾಗೆ ಹೋಗುವ ಕೆಲಸ ಒಂದೆರಡು ತಿಂಗಳಲ್ಲಿ ಮುಗಿಯುವಂಥದ್ದಲ್ಲ. ಬ್ಯಾಂಕು, ವಿಮೆ, ಉತ್ಪಾದನಾ ಕಂಪನಿಗಳು ಬೆಂಬಲವಿಲ್ಲದ ಸರ್ವರ್ ಇಟ್ಟುಕೊಂಡರೆ ಆಡಿಟರ್ ವರದಿಯಲ್ಲಿ ಬರೆಯುತ್ತಾನೆ. ಆ ತಾರೀಕಿಗೆ ಆರೇಳು ತಿಂಗಳು ಇರುವಾಗ ಗಾಬರಿ ಶುರು. ಕಾನೂನಿನ ಕ್ಯಾಲೆಂಡರ್ ಕೂಡ ಹೀಗೇ. ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಗಡುವು. ಯಾವ ಟೇಬಲ್ಲಿನಲ್ಲಿ ಯಾರ ಫೋನ್ ನಂಬರ್ ಇದೆ, ಅಳಿಸಿ ಎಂದರೆ ಬ್ಯಾಕಪ್‌ನಿಂದ ಅಳಿಸುವುದು ಹೇಗೆ, ಇದು ಹಳೆಯ ವ್ಯವಸ್ಥೆ ಬಲ್ಲವರ ಕೆಲಸ. ಇಪ್ಪತ್ತು ವರ್ಷದ ಅನುಭವ ಇಂಥಲ್ಲಿ ಬೇಕಾಗುತ್ತದೆ.

ಯಾರೂ ಗಮನಿಸದ ಇನ್ನೊಂದು ಮೂಲವಿದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅಂದರೆ ತಂಡದ ಟೆಕ್ ಲೀಡ್ ಆರು ತಿಂಗಳು ಇರುವುದಿಲ್ಲ, ಮತ್ತು ಅದು ಮ್ಯಾನೇಜರಿಗೆ ಮುಂಚೆಯೇ ಗೊತ್ತಿರುತ್ತದೆ. ಕಾಯಂ ಆಗಿ ಇನ್ನೊಬ್ಬರನ್ನು ತೆಗೆದುಕೊಳ್ಳಲು ಅವನಿಗೆ ಹುದ್ದೆಯಿಲ್ಲ, ಆರು ತಿಂಗಳು ಖಾಲಿ ಬಿಡಲೂ ಆಗದು. ಇಂಥ ಕೆಲಸಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೇ ತುಂಬಿಹೋಗುತ್ತವೆ.

ಅದಕ್ಕೇ ಹಳೆಯ ಸಹೋದ್ಯೋಗಿಗಳ ಪಟ್ಟಿ ಮುಖ್ಯ. ಆದರೆ ‘ಓಪನಿಂಗ್ ಇದ್ರೆ ಹೇಳಿ’ ಎಂಬ ಮೆಸೇಜ್ ಕಳಿಸಬೇಡಿ. ಓಪನಿಂಗ್ ಎಂದ ಕೂಡಲೇ ಅವರು ಕಂಪನಿಯ ಒಳಗಿನ ಜಾಬ್ ಪುಟ ತೆರೆದು ನೋಡುತ್ತಾರೆ, ಅಲ್ಲಿ ಕಾಯಂ ಹುದ್ದೆಗಳಷ್ಟೇ ಇರುತ್ತವೆ, ಇಲ್ಲ ಅನ್ನುತ್ತಾರೆ. ಗುತ್ತಿಗೆಯ ದುಡ್ಡು ಇರುವುದು ಪ್ರಾಜೆಕ್ಟ್ ಬಜೆಟ್‌ನಲ್ಲಿ. ಅದು ಯಾವ ಪುಟದಲ್ಲೂ ಕಾಣುವುದಿಲ್ಲ. ಮೆಸೇಜ್ ಹೀಗಿರಲಿ: ‘ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸ್ಥಳಾಂತರ ಮಾಡಿಸುವ ಕೆಲಸ ನನ್ನದು. ಮುಂದಿನ ಸೋಮವಾರದಿಂದ ಸಿಗುತ್ತೇನೆ. ಮೂರರಿಂದ ಒಂಬತ್ತು ತಿಂಗಳ ಗುತ್ತಿಗೆಗೆ ಸಿದ್ಧ. ನಿಮ್ಮ ಕಡೆ ಇಂಥದ್ದು ಯಾರ ಕೈಯಲ್ಲಿದೆ?’ ಕೊನೆಯ ಪ್ರಶ್ನೆಯನ್ನು ಗಮನಿಸಿ. ಕೆಲಸ ಕೊಡಿ ಎಂದು ಕೇಳಿಲ್ಲ, ಒಂದು ಹೆಸರು ಕೇಳಿದ್ದೀರಿ. ಹೆಸರು ಕೊಡುವುದು ಯಾರಿಗೂ ಭಾರವಲ್ಲ.

ಹೀಗೆ ಒಳಗಿನ ಮ್ಯಾನೇಜರೇ ನಿಮ್ಮನ್ನು ಬೇಕು ಎಂದರೆ ಇನ್ನೊಂದು ಲಾಭವಿದೆ. ದೊಡ್ಡ ಕಂಪನಿಗಳು, ಅದರಲ್ಲೂ ಔಟರ್ ರಿಂಗ್ ರೋಡ್, ಮಾನ್ಯತಾ, ವೈಟ್‌ಫೀಲ್ಡ್ ಕಡೆಯ ವಿದೇಶಿ ಕಂಪನಿಗಳ ಜಿಸಿಸಿಗಳು (ಅವು ಇಲ್ಲಿ ತೆರೆದ ತಮ್ಮದೇ ಕಚೇರಿಗಳು), ವ್ಯಕ್ತಿಯೊಬ್ಬರ ಜೊತೆ ನೇರ ಒಪ್ಪಂದ ಮಾಡಿಕೊಳ್ಳುವುದು ಅಪರೂಪ. ನೋಂದಾಯಿತ ವೆಂಡರ್, ಅಂದರೆ ಜನ ಒದಗಿಸುವ ಏಜೆನ್ಸಿ, ಮೂಲಕವೇ ಬನ್ನಿ ಅನ್ನುತ್ತವೆ. ಆದರೆ ಈ ಸಂದರ್ಭದಲ್ಲಿ ವೆಂಡರ್ ನಿಮ್ಮನ್ನು ಹುಡುಕಿಲ್ಲ, ಪೇರೋಲ್ ನೋಡಿಕೊಳ್ಳುತ್ತಾನೆ ಅಷ್ಟೇ. ಅವನ ಪಾಲು ಕಡಿಮೆಯಿರಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಪಟ್ಟಿಯಲ್ಲಿರುವ ವೆಂಡರ್‌ಗಳ ಹೆಸರು ಮ್ಯಾನೇಜರಿಂದಲೇ ಪಡೆದು, ಇಬ್ಬರು ಮೂವರ ಜೊತೆ ಮಾತಾಡಿ, ಒಬ್ಬರನ್ನು ಆರಿಸಿ.

ಒಬ್ಬರನ್ನೇ ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ಗುತ್ತಿಗೆಗಳು ಕೆಡುವುದು ಇಲ್ಲೇ. ಗ್ರಾಹಕ ಕಂಪನಿಯ ಬೇಡಿಕೆ ಫೀಲ್ಡ್‌ಗ್ಲಾಸ್, ಬೀಲೈನ್‌ನಂಥ ವೆಂಡರ್ ನಿರ್ವಹಣಾ ಪೋರ್ಟಲ್‌ನಲ್ಲಿ ಬೀಳುತ್ತದೆ. ಅಲ್ಲಿಂದ ಐದಾರು ವೆಂಡರ್‌ಗಳಿಗೆ ಏಕಕಾಲಕ್ಕೆ ಹೋಗುತ್ತದೆ. ಅವರು ಇನ್ನಷ್ಟು ಸಣ್ಣ ಏಜೆನ್ಸಿಗಳಿಗೆ ದಾಟಿಸುತ್ತಾರೆ. ಸಂಜೆಯೊಳಗೆ ನಾಲ್ಕು ಜನ ನಿಮಗೆ ಫೋನ್ ಮಾಡುತ್ತಾರೆ. ಮಾತು ನಾಲ್ಕು ಬಗೆ, ಕೆಲಸ ಒಂದೇ. ಗ್ರಾಹಕನ ಹೆಸರು ಹೇಳುವುದಿಲ್ಲ, ‘ಪ್ರೊಡಕ್ಟ್ ಕಂಪನಿ, ಬೆಳ್ಳಂದೂರು’ ಎಂದಷ್ಟೇ. ನೀವು ನಾಲ್ವರಿಗೂ ರೆಸ್ಯೂಮೆ ಕಳಿಸುತ್ತೀರಿ. ಇಬ್ಬರು ಅದನ್ನು ಪೋರ್ಟಲ್‌ಗೆ ಹಾಕಿದ ಕೂಡಲೇ ಒಂದೇ ವ್ಯಕ್ತಿ ಎರಡು ಸಲ ಎಂದು ಕಾಣುತ್ತದೆ. ಎರಡರ ದರವೂ ಬೇರೆಯಿದ್ದರಂತೂ ಮುಗಿಯಿತು. ವೆಂಡರ್‌ಗಳ ಜಗಳ ಯಾರಿಗೆ ಬೇಕೆಂದು ಗ್ರಾಹಕ ಆ ಹೆಸರನ್ನೇ ಪಕ್ಕಕ್ಕಿಡುತ್ತಾನೆ. ನಿಮಗೆ ಕಾರಣವೂ ತಿಳಿಯುವುದಿಲ್ಲ.

ಇದಕ್ಕೆ ಮದ್ದು ಒಂದು ಶೀಟು. ಕಂಪನಿ, ಕೆಲಸದ ಸಂಖ್ಯೆ, ವೆಂಡರ್, ಒಪ್ಪಿದ ದರ, ತಾರೀಕು. ಗ್ರಾಹಕನ ಹೆಸರು ಹೇಳದೆ ರೆಸ್ಯೂಮೆ ಕೊಡುವುದಿಲ್ಲ ಎಂಬ ನಿಯಮ ಹಾಕಿಕೊಳ್ಳಿ. ವೆಂಡರ್ ಆರ್‌ಟಿಆರ್ ಕೇಳುತ್ತಾನೆ, ಅಂದರೆ ಈ ಕೆಲಸಕ್ಕೆ ನನ್ನ ಪರವಾಗಿ ಇವರೇ ಅರ್ಜಿ ಹಾಕಲಿ ಎಂಬ ಒಪ್ಪಿಗೆಯ ಇಮೇಲ್. ಅದರಲ್ಲಿ ಗ್ರಾಹಕ, ಕೆಲಸ, ದರ ಮೂರೂ ಇರಲಿ. ‘ಈ ಕಂಪನಿಯ ಎಲ್ಲಾ ಕೆಲಸಗಳಿಗೂ’ ಎಂದು ಬರೆದಿದ್ದರೆ ‘ಈ ಒಂದು ಕೆಲಸಕ್ಕೆ’ ಎಂದು ತಿದ್ದಿ ಕಳಿಸಿ. ಇನ್ನು ನೋಂದಣಿ ಶುಲ್ಕ, ಹಿನ್ನೆಲೆ ಪರಿಶೀಲನೆಯ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ಚರ್ಚೆ ಬೇಡ, ಫೋನ್ ಇಡಿ.

ರೆಸ್ಯೂಮೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡೇ ಮಾತು. ಗ್ರಾಹಕ ಕಂಪನಿಗಳ ದರಪಟ್ಟಿ ಅನುಭವದ ವರ್ಷಗಳ ಮೇಲೆ ನಿಂತಿರುತ್ತದೆ: ಎಂಟರಿಂದ ಹತ್ತು, ಹತ್ತರಿಂದ ಹನ್ನೆರಡು, ಹನ್ನೆರಡಕ್ಕೆ ಮೇಲ್ಪಟ್ಟು ಹೀಗೆ. ಮೇಲಿನ ಗೆರೆ ದಾಟಿದ ಮೇಲೆ ಹದಿನಾಲ್ಕೂ ಒಂದೇ, ಇಪ್ಪತ್ತೆರಡೂ ಒಂದೇ. ಮೊದಲ ಸಾಲಿನಲ್ಲೇ ‘22 ವರ್ಷಗಳ ಅನುಭವ’ ಎಂದು ಬರೆದುಕೊಂಡರೆ ದುಡ್ಡು ಹೆಚ್ಚುವುದಿಲ್ಲ, ಇವರು ಕೈಯಾರೆ ಕೋಡ್ ಬರೆಯುತ್ತಾರಾ ಎಂಬ ಅನುಮಾನವಷ್ಟೇ ಹೆಚ್ಚುತ್ತದೆ. ಮೊದಲ ಪುಟದ ಮೇಲ್ಭಾಗದಲ್ಲಿ ನೀವು ಮುಗಿಸಿಕೊಟ್ಟ ಮೂರು ಕೆಲಸ ಬರಲಿ, ಅಳತೆಯೊಂದಿಗೆ: ಎಷ್ಟು ಟೆರಾಬೈಟ್, ಎಷ್ಟು ಗಂಟೆ ಡೌನ್‌ಟೈಮ್, ಎಷ್ಟು ಜನರ ತಂಡ, ಏನು ಕೈಕೊಟ್ಟಿತು, ಹೇಗೆ ಸರಿಯಾಯಿತು. ಎರಡನೆಯದು, ಏಳೆಂಟು ವರ್ಷ ಡೆಲಿವರಿ ಮ್ಯಾನೇಜರ್ ಆಗಿದ್ದವರ ಸಮಸ್ಯೆ. ಗುತ್ತಿಗೆ ಮಾರುಕಟ್ಟೆ ಕೈಕೆಲಸ ಕೊಳ್ಳುತ್ತದೆ, ಜನ ನಿಭಾಯಿಸುವವರನ್ನು ಕಡಿಮೆ. ಆದರೂ ಕಟ್‌ಓವರ್ (ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ಹಂತ) ಮ್ಯಾನೇಜರ್, ಮೈಗ್ರೇಶನ್ ಪ್ರೋಗ್ರಾಮ್ ಮ್ಯಾನೇಜರ್, ಆಡಿಟ್ ಸಿದ್ಧತೆಯ ಹೊಣೆ, ಟೆಸ್ಟ್ ಮ್ಯಾನೇಜರ್ ಇವು ಗುತ್ತಿಗೆಯಲ್ಲೇ ಹೆಚ್ಚು ಸಿಗುವ ಪಾತ್ರಗಳು. ‘ಮ್ಯಾನೇಜರ್’ ಎಂದಷ್ಟೇ ಹುಡುಕಿದರೆ ಇವು ಕಾಣುವುದಿಲ್ಲ.

ಕೆಲಸವಿಲ್ಲದ ತಿಂಗಳುಗಳನ್ನು ಮುಚ್ಚಲು ಗೆಳೆಯನ ಕಂಪನಿಯಿಂದ ಅನುಭವ ಪತ್ರ ತರುವವರಿದ್ದಾರೆ. ಮಾಡಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಸೇವಾ ಇತಿಹಾಸ ನೋಡುತ್ತಾರೆ, ಪಿಎಫ್ ಪ್ರಕಾರ ಯಾವ ಕಂಪನಿಯಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಇದ್ದಿರೆಂಬುದು ಅಲ್ಲಿ ಸ್ಪಷ್ಟವಿರುತ್ತದೆ. ಅಂದ ಹಾಗೆ, ಆ ಇತಿಹಾಸವನ್ನು ಇವತ್ತೇ ತೆರೆದು ನೋಡಿ. ಹಳೆಯ ಕಂಪನಿ ನಿಮ್ಮ ನಿರ್ಗಮನ ದಿನಾಂಕ ತುಂಬದೆ ಬಿಟ್ಟಿದ್ದರೆ ನೀವಿನ್ನೂ ಅಲ್ಲೇ ಕೆಲಸದಲ್ಲಿದ್ದೀರಿ ಎಂದು ದಾಖಲೆ ಹೇಳುತ್ತದೆ, ಹೊಸ ವೆಂಡರ್ ‘ಡ್ಯುಯಲ್ ಎಂಪ್ಲಾಯ್‌ಮೆಂಟ್’ ಎಂದು ತಡೆಹಿಡಿಯುತ್ತಾನೆ. ಕೊನೆಯ ಪಿಎಫ್ ಕಂತಿನಿಂದ ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ನೀವೇ ಅದನ್ನು ತುಂಬಬಹುದು. ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 ಇವನ್ನೂ ಒಂದೇ ಫೋಲ್ಡರಿನಲ್ಲಿಡಿ. ಸೋಮವಾರ ಬರುತ್ತೇನೆಂದು ಹೇಳಿ ರಿಲೀವಿಂಗ್ ಲೆಟರಿಗಾಗಿ ಎರಡು ವಾರ ಅಲೆದರೆ ನಿಮ್ಮ ಇಡೀ ಅನುಕೂಲವೇ ಹೋಯಿತು.

ಈಗ ದರ. ಬಹುತೇಕರು ಹಳೆಯ ಸಿಟಿಸಿಯನ್ನು, ಅಂದರೆ ವರ್ಷದ ಒಟ್ಟು ಸಂಬಳವನ್ನು, ಹನ್ನೆರಡರಿಂದ ಭಾಗಿಸುತ್ತಾರೆ. 36 ಲಕ್ಷ ಇತ್ತು, ತಿಂಗಳಿಗೆ 3 ಲಕ್ಷ ಕೊಡಿ ಅನ್ನುತ್ತಾರೆ. ಅಲ್ಲೇ ನಷ್ಟ. ವರ್ಷಕ್ಕೆ 365 ದಿನ. ಶನಿವಾರ ಭಾನುವಾರ 104 ಕಳೆದರೆ 261. ಹಬ್ಬದ ರಜೆ 10, ನಿಮ್ಮ ಸ್ವಂತ ರಜೆ, ಜ್ವರ, ಮಕ್ಕಳ ಶಾಲೆ ಎಂದು 15, ಉಳಿದದ್ದು 236. ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ಸಮಯ ವರ್ಷಕ್ಕೆ ಎರಡು ತಿಂಗಳು ಹಿಡಿಯಿರಿ, 41 ಕೆಲಸದ ದಿನ. ಬಿಲ್ ಮಾಡಬಲ್ಲ ದಿನಗಳು 195. ಈವರೆಗೆ ಕಂಪನಿ ಭರಿಸುತ್ತಿದ್ದ ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಈಗ ಬೇಕಾದ ಲೆಕ್ಕಪರಿಶೋಧಕರು ಎಲ್ಲ ಸೇರಿ 2 ಲಕ್ಷ ಎಂದುಕೊಂಡರೆ 38 ಲಕ್ಷವನ್ನು 195ರಿಂದ ಭಾಗಿಸಬೇಕು. ದಿನಕ್ಕೆ ಸುಮಾರು 19,500. ಇಪ್ಪತ್ತೊಂದು ದಿನದ ತಿಂಗಳಿಗೆ 4 ಲಕ್ಷದ 9 ಸಾವಿರ ಚಿಲ್ಲರೆ. ಮಾರುಕಟ್ಟೆ ಇಷ್ಟು ಕೊಡುತ್ತದೆಂದು ನಾನು ಹೇಳುತ್ತಿಲ್ಲ. ಕೆಲಸವಿಲ್ಲದೆ ನಾಲ್ಕು ತಿಂಗಳಾದವರು 3 ಲಕ್ಷಕ್ಕೆ ಒಪ್ಪಿದರೆ ಅದರಲ್ಲಿ ತಪ್ಪೂ ಇಲ್ಲ. ಬಿಟ್ಟುಕೊಟ್ಟದ್ದು ಎಷ್ಟೆಂದು ಗೊತ್ತಿದ್ದರೆ ಅದಕ್ಕೆ ಬದಲಾಗಿ ಏನಾದರೂ ಕೇಳಬಹುದು: ಮೂರು ತಿಂಗಳ ನಂತರ ದರ ಮರುಪರಿಶೀಲನೆ, ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ, ಬೇಗ ಪಾವತಿ.

ಆರೋಗ್ಯ ವಿಮೆಯ ಮಾತು ಬಂತು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಆದರೆ ಕವರ್ ಮುಗಿಯುವ ಮುಂಚೆ ಕೇಳಬೇಕು. ಹೊಸದಾಗಿ ತೆಗೆದುಕೊಂಡರೆ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ಬಿಪಿ, ಶುಗರ್ ಇರುವ ವಯಸ್ಸು ನಮ್ಮದು.

ಒಪ್ಪಂದ ಎರಡು ಬಗೆ. ಒಂದರಲ್ಲಿ ವೆಂಡರ್‌ನ ಪೇರೋಲ್‌ಗೆ ಹೋಗುತ್ತೀರಿ: ಸಂಬಳ, ಪಿಎಫ್, ತಿಂಗಳ ಕೊನೆಗೆ ದುಡ್ಡು. ಅವನು ಹೇಳುವ ಮೊತ್ತದಲ್ಲಿ ಮಾಲೀಕನ ಪಿಎಫ್ ಪಾಲೂ ಸೇರಿದೆಯೇ ಎಂದು ಮೊದಲೇ ಕೇಳಿ, ಸಾಮಾನ್ಯವಾಗಿ ಸೇರಿರುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕಿದೆ, ಐದು ವರ್ಷ ಬೇಕಿಲ್ಲ. ಹನ್ನೊಂದು ತಿಂಗಳ ಒಪ್ಪಂದ ಮುಂದಿಟ್ಟರೆ ಏಕೆಂದು ಕೇಳಬಹುದು.

ಇನ್ನೊಂದು ಬಗೆಯಲ್ಲಿ ನೀವು ಸ್ವತಂತ್ರ ಕನ್ಸಲ್ಟೆಂಟ್, ಇನ್‌ವಾಯ್ಸ್ ಕಳಿಸುವವರು. ಇಲ್ಲಿ ಕೈಗೆ ಹೆಚ್ಚು ಸಿಗುತ್ತದೆ, ಆದರೆ ತಡವಾಗಿ. ಎಷ್ಟು ತಡ? ಜೂನ್ 5ಕ್ಕೆ ಸೇರಿದಿರಿ ಎನ್ನಿ. ಟೈಮ್‌ಶೀಟ್ ಜೂನ್ 30ಕ್ಕೆ ಅನುಮೋದನೆ, ಇನ್‌ವಾಯ್ಸ್ ಜುಲೈ 5ಕ್ಕೆ, ಪಾವತಿ ಅವಧಿ 45 ದಿನ. ಮೊದಲ ರೂಪಾಯಿ ಬರುವುದು ಆಗಸ್ಟ್ 19ಕ್ಕೆ, ಸೇರಿದ ಎಪ್ಪತ್ತೈದನೇ ದಿನ. ಮ್ಯಾನೇಜರ್ ರಜೆಯಲ್ಲಿದ್ದು ಟೈಮ್‌ಶೀಟ್ ಒತ್ತದಿದ್ದರೆ ಇನ್ನೊಂದು ತಿಂಗಳು. ಕೈಯಲ್ಲಿ ನಾಲ್ಕು ತಿಂಗಳ ಮನೆ ಖರ್ಚು, ಇಎಂಐ ಇಲ್ಲದವರು ಮೊದಲ ಗುತ್ತಿಗೆಯನ್ನು ಪೇರೋಲ್ ಮೇಲೆಯೇ ಒಪ್ಪಿಕೊಳ್ಳುವುದು ವಾಸಿ.

ಇನ್‌ವಾಯ್ಸ್ ದಾರಿ ಹಿಡಿಯುವವರು ಉದ್ಯಮ್ ನೋಂದಣಿ ಮಾಡಿಸಿ. ಶುಲ್ಕವಿಲ್ಲ, ಆಧಾರ್, ಪ್ಯಾನ್ ಸಾಕು. ಕಿರು ಉದ್ಯಮವಾಗಿ ನೋಂದಾಯಿಸಿದರೆ 2006ರ ಎಂಎಸ್‌ಎಂಇ ಕಾಯ್ದೆಯಂತೆ ಗ್ರಾಹಕ ಗರಿಷ್ಠ 45 ದಿನಗಳಲ್ಲಿ ಪಾವತಿಸಬೇಕು, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿಗೆ ಯಾರೂ ಅಷ್ಟು ಹೆದರುವುದಿಲ್ಲ. ಅವಧಿ ಮೀರಿಸಿ ಬಾಕಿ ಉಳಿಸಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲಾಗದು ಎಂಬ ಆದಾಯ ತೆರಿಗೆ ನಿಯಮ ಬಂದ ಮೇಲೆ ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್ ವಿಭಾಗದವರೇ ಹುಡುಕಿಕೊಂಡು ಬರುತ್ತಾರೆ. ಪ್ರತಿ ಇನ್‌ವಾಯ್ಸ್ ಮೇಲೂ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ತೆರಿಗೆ ಚುಟುಕಾಗಿ. ಕನ್ಸಲ್ಟೆಂಟ್ ಬಿಲ್ಲಿನಿಂದ ಸಾಮಾನ್ಯವಾಗಿ 10% ಟಿಡಿಎಸ್ ಕಡಿತ. 44ಎಡಿಎ ಎಂದು ನಮಗೆಲ್ಲ ಗೊತ್ತಿರುವ ಅನುಕೂಲದಲ್ಲಿ ಮಾಹಿತಿ ತಂತ್ರಜ್ಞಾನ ವೃತ್ತಿಯೂ ಸೇರಿದೆ: ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಲೆಕ್ಕದ ಪುಸ್ತಕ ಇಡುವ ಕಾಟವಿಲ್ಲ. ಮಿತಿ 50 ಲಕ್ಷ. ನಗದು 5% ಮೀರದಿದ್ದರೆ 75 ಲಕ್ಷ. ಮುಂಗಡ ತೆರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಹಳೆಯ ಸಂಖ್ಯೆ ಹುಡುಕಿ ತಬ್ಬಿಬ್ಬಾಗಬೇಡಿ. ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಕಡ್ಡಾಯ. ಮೇಲಿನ ದರದಲ್ಲಿ ಅದು ಐದನೇ ತಿಂಗಳಿಗೇ ದಾಟುತ್ತದೆ. ಆದ್ದರಿಂದ ದರ ಒಪ್ಪುವಾಗಲೇ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಸಿ, ಇಲ್ಲವಾದರೆ ಆ 18% ನಿಮ್ಮ ಜೇಬಿನಿಂದ ಹೋಗುತ್ತದೆ. ಕರ್ನಾಟಕದಲ್ಲಿ ಸ್ವಂತ ವೃತ್ತಿಯವರ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ, ಅದನ್ನು ಕಟ್ಟುವ ಹೊಣೆಯೂ ಈಗ ನಿಮ್ಮದೇ.

ವಿದೇಶಿ ಗ್ರಾಹಕ ನೇರ ಸಿಕ್ಕರೆ ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಕುಳಿತೂ ಮಾಡಬಹುದು. ಅಮೆರಿಕದ ಕಂಪನಿ ಡಬ್ಲ್ಯು-8ಬೆನ್ ಎಂಬ ಫಾರ್ಮ್ ಕೇಳುತ್ತದೆ. ಕೆಲಸವೆಲ್ಲ ಭಾರತದಲ್ಲೇ ನಡೆದರೆ ಅದು ಅಮೆರಿಕದ ಮೂಲದ ಆದಾಯವಲ್ಲ. ಇನ್‌ವಾಯ್ಸ್‌ನಲ್ಲಿ ‘ಸೇವೆ ಭಾರತದಲ್ಲಿ ಸಲ್ಲಿಸಲಾಗಿದೆ’ ಎಂಬ ಸಾಲು ಇರಲಿ, ಇಲ್ಲದಿದ್ದರೆ 30% ಹಿಡಿದುಕೊಳ್ಳುವ ಅಪಾಯವಿದೆ. ಹಣ ಬಂದಾಗ ಬ್ಯಾಂಕಿನಿಂದ ವಿದೇಶಿ ಹಣದ ಸ್ವೀಕೃತಿ ಪತ್ರ ಪಡೆಯಿರಿ. ಹೀಗೆ ರಫ್ತು ಮಾಡಿದ ಸೇವೆಗೆ ಜಿಎಸ್‌ಟಿ ವಿಧಿಸಬೇಕಿಲ್ಲ, ಆದರೆ ನೋಂದಣಿಯ ಮಿತಿಗೆ ಈ ವಹಿವಾಟೂ ಲೆಕ್ಕಕ್ಕೆ ಬರುತ್ತದೆ; ನೋಂದಾಯಿಸಿದ ಮೇಲೆ ಪ್ರತಿ ವರ್ಷ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆ, ಸಲ್ಲಿಸಬೇಕು. ಇಲ್ಲಿ ಟಿಡಿಎಸ್ ಕಡಿತವಾಗುವುದಿಲ್ಲವಾದ್ದರಿಂದ ಬಂದ ಹಣವೆಲ್ಲ ನಿಮ್ಮದೇ ಎಂದು ತೋರುತ್ತದೆ. ಮಾರ್ಚ್ 15ರ ಮುಂಗಡ ತೆರಿಗೆ ನೆನಪಿರಲಿ.

ಅಮೆರಿಕದಲ್ಲಿರುವ ತಮ್ಮನಿಗೆ ಇದೆಲ್ಲ ಅನ್ವಯಿಸುತ್ತದೆಯೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಎಚ್-1ಬಿ ವೀಸಾದಲ್ಲಿದ್ದರೆ ಇಲ್ಲ. ಕೆಲಸ ಹೋದ ಮೇಲೆ ಅವರಿಗಿರುವುದು ಹೆಚ್ಚೆಂದರೆ 60 ದಿನ, ಐ-94 (ಅಲ್ಲಿ ಉಳಿಯಲು ಕೊಟ್ಟ ಅವಧಿಯ ದಾಖಲೆ) ಅದಕ್ಕೂ ಮುಂಚೆ ಮುಗಿದರೆ ಅಲ್ಲಿಯವರೆಗಷ್ಟೇ. ಸ್ವತಂತ್ರವಾಗಿ 1099 ಮೇಲೆ ಕೆಲಸ ಮಾಡುವಂತಿಲ್ಲ. ಹೊಸ ಮಾಲೀಕ ಅರ್ಜಿ ಹಾಕಲೇಬೇಕು. ಗುತ್ತಿಗೆ ಹುಡುಕುವುದಾದರೂ ಅರ್ಜಿ ಹಾಕಬಲ್ಲ ಕಂಪನಿಯ ಡಬ್ಲ್ಯು-2 ನೌಕರರಾಗಿಯೇ.

ಸಹಿ ಹಾಕುವ ಮುನ್ನ ನಾಲ್ಕು ಕಡೆ ಕಣ್ಣಿಡಿ. ಅವರು ಒಂದು ದಿನದ ನೋಟಿಸ್‌ನಲ್ಲಿ ಕಳಿಸಬಹುದು, ನೀವು 60 ದಿನ ಕೊಡಬೇಕು ಎಂದಿದ್ದರೆ ಎರಡನ್ನೂ ಸಮ ಮಾಡಿಸಿ. ‘ಗ್ರಾಹಕ ಪಾವತಿಸಿದ ನಂತರ ನಿಮಗೆ ಪಾವತಿ’ ಎಂಬ ಸಾಲು ತೆಗೆಸಿ, ಆಗದಿದ್ದರೆ ಅದಕ್ಕೊಂದು ಗರಿಷ್ಠ ದಿನ ಹಾಕಿಸಿ. ನಷ್ಟ ಭರಿಸುವ ಹೊಣೆಗೆ ಮಿತಿ ಬೇಕು, ನೀವು ಪಡೆದ ಶುಲ್ಕದಷ್ಟು ಎಂದರೆ ನ್ಯಾಯ. ಬಿಲ್ಲಿಂಗ್ ಯಾವತ್ತಿನಿಂದ ಎಂಬುದಂತೂ ಸ್ಪಷ್ಟವಿರಲಿ: ಲ್ಯಾಪ್‌ಟಾಪ್, ವಿಪಿಎನ್, ರೆಪಾಸಿಟರಿ ಅನುಮತಿ ಸಿಗಲು ಒಂದೆರಡು ವಾರ ಹಿಡಿಯುವುದು ಹೊಸತಲ್ಲ, ಆ ದಿನಗಳು ಯಾರ ಖಾತೆಗೆ? ಒಪ್ಪಂದ ಮುಗಿದ ಮೇಲೆ ಒಂದು ವರ್ಷ ಈ ಕ್ಷೇತ್ರದಲ್ಲೇ ದುಡಿಯುವಂತಿಲ್ಲ ಎಂಬ ಸಾಲು ನೋಡಿ ಮಾತ್ರ ಹೆದರಬೇಡಿ. 1872ರ ಒಪ್ಪಂದ ಕಾಯ್ದೆಯ 27ನೇ ಕಲಂ ಅಂಥದ್ದನ್ನು ಅನೂರ್ಜಿತ ಎನ್ನುತ್ತದೆ. ಅದೇ ಗ್ರಾಹಕನ ಬಳಿಗೆ ವೆಂಡರ್‌ನನ್ನು ದಾಟಿ ನೇರ ಹೋಗುವುದು ಬೇರೆ ವಿಷಯ, ಅಲ್ಲಿ ಜಗಳ ಬರುತ್ತದೆ. ‘ಆರು ತಿಂಗಳಾದ ಮೇಲೆ ಕಾಯಂ ಮಾಡುತ್ತೇವೆ’ ಎನ್ನುವವರನ್ನು, ಹಾಗೆ ಕಾಯಂ ಮಾಡಿಕೊಳ್ಳಲು ಗ್ರಾಹಕ ವೆಂಡರ್‌ಗೆ ಕೊಡಬೇಕಾದ ಶುಲ್ಕ ಎಷ್ಟು, ಯಾವಾಗ ಅದು ಸೊನ್ನೆಯಾಗುತ್ತದೆ ಎಂದು ಕೇಳಿ. ಉತ್ತರ ಸಿಕ್ಕರೆ ಮಾತಿನಲ್ಲಿ ಹುರುಳಿದೆ.

ಸೇರಿದ ಮೇಲೆ ಗಮನದಲ್ಲಿಡಬೇಕಾದ ತಾರೀಕು ಒಂದೇ, ಪಿಒ, ಅಂದರೆ ಗ್ರಾಹಕ ಕಂಪನಿಯ ಖರೀದಿ ಆದೇಶ, ಮುಗಿಯುವ ದಿನ. ಅದಕ್ಕೆ ಆರು ವಾರ ಇರುವಾಗ ವಿಸ್ತರಣೆ ಉಂಟೇ ಎಂದು ಇಮೇಲ್‌ನಲ್ಲಿ ಕೇಳಿ. ವಿದೇಶಿ ಕಂಪನಿಗಳಲ್ಲಿ ಹಲವಕ್ಕೆ ಬಜೆಟ್ ವರ್ಷ ಡಿಸೆಂಬರ್‌ಗೆ ಮುಗಿಯುವುದರಿಂದ ನವೆಂಬರ್‌ನಲ್ಲಿ ಕೇಳಿದರೆ ತಡ, ಸೆಪ್ಟೆಂಬರ್ ಕೊನೆಗೇ ಕೇಳಬೇಕು. ‘ಆಗುತ್ತೆ ಬಿಡಿ, ಕೆಲಸ ನಡೀಲಿ’ ಎಂದು ಮ್ಯಾನೇಜರ್ ಹೇಳಿದರೂ ಹೊಸ ಪಿಒ ಸಂಖ್ಯೆ ಬರುವವರೆಗೆ ಕೆಲಸ ಮುಂದುವರಿಸಬೇಡಿ. ಆ ದಿನಗಳ ಟೈಮ್‌ಶೀಟ್ ತುಂಬಲು ಹೋದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ.